ಗುಂಡುಕಲ್ಲಿನ ಕಾನೂನು

"ಬುದ್ಧಿ, ಹುಡುಗ ಯಾವತ್ತು ದೊಡ್ಡವನಾಗುತ್ತಾನೆ?"

ಹೀಗೆ ಕೇಳಿದವನು ಗುರುಗಳ ಹಳೆಯ ಶಿಷ್ಯ. ಮಠದಲ್ಲಿ ಉಂಡು ಓದಿದವನು, ಈಗ ರಾಜಧಾನಿಯಲ್ಲಿ ಕಾನೂನು ಇಲಾಖೆಯ ನೌಕರಿಯಲ್ಲಿದ್ದ. ರಾಜ್ಯದಲ್ಲಿ ಹೊಸ ಕಾಯ್ದೆಯೊಂದು ತಯಾರಾಗುತ್ತಿತ್ತು. ಘೋರ ತಪ್ಪು ಮಾಡಿದ ಹುಡುಗರನ್ನು ಬಾಲಮಂದಿರಕ್ಕೆ ಕಳಿಸುವುದು ಬೇಡ, ದೊಡ್ಡವರಂತೆಯೇ ವಿಚಾರಣೆ ಮಾಡಿ ದೊಡ್ಡವರ ಜೈಲಿಗೇ ಹಾಕಬೇಕು ಎಂಬುದು ಅದರ ಸಾರ. ಯಾವ ಹುಡುಗನನ್ನು ದೊಡ್ಡವನೆಂದು ಎಣಿಸಬೇಕು ಎನ್ನುವ ಭಾಗವನ್ನು ಬರೆಯುವ ಕೆಲಸ ಇವನ ಪಾಲಿಗೆ ಬಂದಿತ್ತು. ಎಷ್ಟು ತಿದ್ದಿ ಬರೆದರೂ ಸಮಾಧಾನವಾಗದೆ, ರಜೆ ಹಾಕಿ ಮಠಕ್ಕೆ ಬಂದಿದ್ದ.

ಗುರುಗಳು ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು.

"ನೀನು ಯಾವತ್ತು ದೊಡ್ಡವನಾದೆ?" ಎಂದರು.

"ನೆನಪಿಲ್ಲ ಬುದ್ಧಿ."

"ನಿನ್ನನ್ನು ಸಾಕಿದ ನನಗೂ ಗೊತ್ತಾಗಲಿಲ್ಲ ಬಿಡು. ಕೂತುಕೋ. ಸುಮ್ಮನೆ ಕೂರಬೇಡ, ಎರಡು ಹಿಡಿ ಕಾಯಿ ತೆಗೆದುಕೋ. ಒಂದು ಕತೆ ಹೇಳುತ್ತೇನೆ."

ಶಿಷ್ಯ ಮೊರದ ಮುಂದೆ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ರಾಜ್ಯ. ಅಲ್ಲಿ ಊರೂರಿಗೂ ಒಂದು ಗರಡಿಮನೆ, ಗರಡಿಮನೆಯ ಮುಂದೆ ಒಂದು ಗುಂಡುಕಲ್ಲು. ಹುಡುಗರು ಮೊದಲು ಆ ಕಲ್ಲನ್ನು ಅಲುಗಿಸಿ ನೋಡುವರು. ಆಮೇಲೆ ಮೊಣಕಾಲಿನವರೆಗೆ ತರುವರು. ಒಂದು ದಿನ ಹೆಗಲಿಗೆ ಏರಿಸುವರು. ಏರಿಸಿದವನ ಕೊರಳಿಗೆ ಊರಿನ ಹಿರಿಯರು ಹೂವಿನ ಹಾರ ಹಾಕಿ, ಇವನಿನ್ನು ಗಂಡಸು ಎನ್ನುವರು. ಅಲ್ಲಿಯತನಕ ಅವನು ಏನೇ ತಪ್ಪು ಮಾಡಲಿ, ಮನೆಯವರೋ ಗರಡಿಯ ಉಸ್ತಾದನೋ ಕಿವಿ ಹಿಂಡಿ, ಕೆಲಸಕ್ಕೆ ಹಚ್ಚಿ, ದಾರಿಗೆ ತರುತ್ತಿದ್ದರು.

ಒಂದು ವರ್ಷ ಹುಡುಗರ ಪುಂಡಾಟ ಜಾಸ್ತಿಯಾಯಿತು. ಜನ ಅರಮನೆಗೆ ದೂರು ಒಯ್ದರು. ರಾಜನಿಗೆ ಹೊಸ ಕಾನೂನು ಬೇಕಾಯಿತು. ಮಂತ್ರಿಗಳು ಕುಳಿತು ಯೋಚಿಸಿದರು. ವಯಸ್ಸು ಕೇಳಿದರೆ ತಾಯಂದಿರು ಕಡಿಮೆ ಹೇಳುತ್ತಾರೆ. ಮೀಸೆ ನೋಡೋಣವೆಂದರೆ ಕ್ಷೌರದ ಕತ್ತಿ ಇದೆ. ಕಲ್ಲಿನ ಮುಂದೆ ಮಾತ್ರ ಯಾರ ಆಟವೂ ನಡೆಯುವುದಿಲ್ಲ ಎಂದುಕೊಂಡರು. ಹುಡುಗನೊಬ್ಬ ಘೋರ ತಪ್ಪು ಮಾಡಿದರೆ, ಅವನಿಂದ ನೊಂದವನು ಕೋರಿದರೆ, ಅವನನ್ನು ಗುಂಡುಕಲ್ಲಿನ ಮುಂದೆ ನಿಲ್ಲಿಸಬೇಕು. ಎತ್ತಿದರೆ ದೊಡ್ಡವನು, ಕೋಟೆಯ ಸೆರೆಮನೆಗೆ ಹೋಗಲಿ. ಎತ್ತದಿದ್ದರೆ ಹುಡುಗ, ಉಸ್ತಾದನ ಕೈಗೆ ಹೋಗಲಿ. ಹೀಗೆಂದು ಡಂಗುರ ಸಾರಿಸಿದರು. ಜನರಿಗೂ ಸರಿಯೆನ್ನಿಸಿತು. ನಾನಿದ್ದಿದ್ದರೆ ನನಗೂ ಅನ್ನಿಸುತ್ತಿತ್ತು, ಕೇಳಲಿಕ್ಕೆ ಅಷ್ಟು ಅಚ್ಚುಕಟ್ಟಾಗಿದೆ.

ಮುಂದೇನಾಯಿತು ಅಂತೀಯಾ? ಗರಡಿಮನೆಗಳು ಖಾಲಿಯಾದವು. ತಾಯಂದಿರು ಮಕ್ಕಳ ಮುದ್ದೆಗೆ ತುಪ್ಪ ಹಾಕುವುದನ್ನು ಬಿಟ್ಟರು. ಗಟ್ಟಿಮುಟ್ಟಾದ ಹುಡುಗರು ಬೀದಿಯಲ್ಲಿ ಸೊಂಟ ಹಿಡಿದುಕೊಂಡು ಓಡಾಡಿದರು. ಒಂದು ಊರಿನಲ್ಲಿ ಒಬ್ಬ ಕಳ್ಳ, ಎರಡು ಮಕ್ಕಳ ತಂದೆ, ಮೀಸೆ ಬೋಳಿಸಿಕೊಂಡು ಬಂದು ತಾನಿನ್ನೂ ಹುಡುಗನೆಂದು ಕಲ್ಲಿನ ಮುಂದೆ ನಿಂತ. ಬಗ್ಗಿದ, ತಿಣುಕಿದ, ಕಣ್ಣು ಮೇಲೆ ಮಾಡಿಕೊಂಡು ಬಿದ್ದೇಬಿಟ್ಟ. ನ್ಯಾಯಾಧಿಕಾರಿ ಏನು ಮಾಡಬೇಕು ಪಾಪ, ಕಾನೂನು ಕಾನೂನೇ. ಅವನನ್ನು ಉಸ್ತಾದನ ಕೈಗೆ ಒಪ್ಪಿಸಿದ. ಉಸ್ತಾದ ಅವನಿಗಿಂತ ಚಿಕ್ಕವನು.

ಆ ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ತಾತ ಹುಣಸೆಮರದ ಬೊಡ್ಡೆಯಲ್ಲಿ ಮಾಡಿಸಿದ ಗಾಣ ಅವನ ಪ್ರಾಣವಾಗಿತ್ತು. ಗಾಣದ ಎತ್ತು ಹೊಡೆಯಲು ಒಬ್ಬ ಹುಡುಗನಿದ್ದ. ಅವನಿಗೆ ತಂದೆಯಿಲ್ಲ, ತಾಯಿಯೊಬ್ಬಳೇ. ಗಾಣಿಗನನ್ನು ಮಾವ ಎಂದು ಕರೆಯುತ್ತಿದ್ದ. ಒಂದು ದಿನ ಹುಡುಗ ಕೂತಲ್ಲೇ ನಿದ್ದೆಹೋದ. ಎತ್ತೂ ನಿಂತಿತು. ಗಾಣಿಗ ಬಂದು ನೋಡಿದ. ಹುಡುಗನ ಜೊತೆಗಾರರು ಬಾಗಿಲಲ್ಲಿ ನಿಂತಿದ್ದರು. ಅವರ ಎದುರಿಗೇ ಕಿವಿ ಹಿಡಿದು ಎಬ್ಬಿಸಿ, "ನಿನಗಿಂತ ನನ್ನ ಎತ್ತು ವಾಸಿ. ನಾಳೆಯಿಂದ ಬರಬೇಡ" ಎಂದ. ಜೊತೆಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಸಂಜೆ ಹುಡುಗ ಗಾಣದಮನೆಯ ಹಿಂದಿನ ಹುಲ್ಲಿಗೆ ಬೆಂಕಿಯಿಟ್ಟ. ಹುಲ್ಲಷ್ಟೇ ಸುಡುತ್ತದೆ ಅಂದುಕೊಂಡಿದ್ದ. ಎಷ್ಟೋ ವರ್ಷ ಎಣ್ಣೆ ಕುಡಿದ ಮರ, ಕೇಳಬೇಕೆ? ಗಾಣ, ಮನೆ, ಮಾಡು ಎಲ್ಲ ಬೂದಿಯಾಯಿತು. ಗಾಣಿಗ ಬೆಂಕಿಯೊಳಕ್ಕೆ ನುಗ್ಗಿ ಎತ್ತನ್ನು ಬಿಚ್ಚಿಕೊಂಡು ಬಂದ. ಅವನ ಬಲಗೈ ಸುಟ್ಟಿತು.

ಗಾಣಿಗ ನ್ಯಾಯಾಧಿಕಾರಿಯ ಮುಂದೆ ಸುಟ್ಟ ಕೈ ಹಿಡಿದು ನಿಂತ. "ಇವನು ಹುಡುಗನಲ್ಲ ಸ್ವಾಮಿ, ದೊಡ್ಡವನು. ಕಲ್ಲು ಎತ್ತಿಸಿ" ಎಂದು ಕೋರಿದ. ಅವನಿಗೆ ಸಿಟ್ಟಿತ್ತು. ಸಿಟ್ಟು ನ್ಯಾಯವಾದದ್ದೇ, ಅದರಲ್ಲಿ ತಪ್ಪು ಹುಡುಕಬೇಡ.

ಕಲ್ಲಿನ ದಿನ ಬೆಳಗ್ಗೆ ತಾಯಿ ಮಗನ ತಲೆ ಬಾಚುತ್ತಾ ಹೇಳಿದಳು. ಕೋಟೆಯ ಸೆರೆಮನೆಗೆ ಹೋದ ಹುಡುಗರು ಕೆಟ್ಟು ಬರುತ್ತಾರೆ, ಇಲ್ಲವೆ ಬರುವುದೇ ಇಲ್ಲ. "ನನ್ನಪ್ಪ, ಎತ್ತಬೇಡ. ಮುಟ್ಟು, ತಿಣುಕು, ಕೂತುಬಿಡು. ಇಷ್ಟೇ ನೀನು ಮಾಡಬೇಕಾದ್ದು." ಹುಡುಗ ತಾಯಿಯ ಕೈ ಮುಟ್ಟಿ ಆಗಲಿ ಎಂದ.

ಊರೆಲ್ಲ ಸೇರಿತ್ತು. ಹುಡುಗ ಬಗ್ಗಿದ, ಕಲ್ಲು ಮುಟ್ಟಿದ, ಹೇಳಿಕೊಟ್ಟಂತೆ ತಿಣುಕಿದ. ಇನ್ನೇನು ಕೂರಬೇಕು. ಗರಡಿಮನೆಯ ಕಟ್ಟೆಯ ಮೇಲಿದ್ದ ಜೊತೆಗಾರನೊಬ್ಬ, "ಇವನ ಕೈಲಿ ಎಲ್ಲಾಗುತ್ತದೆ? ಎತ್ತೇ ವಾಸಿ" ಎಂದ. ಮಿಕ್ಕವರು ಕಿಸಕ್ಕನೆ ನಕ್ಕರು.

ಹುಡುಗ ತಲೆ ಎತ್ತಿ ಅವರನ್ನು ನೋಡಿದ. ಅಂಗೈಗೆ ಮಣ್ಣು ಸವರಿಕೊಂಡ. ತಾಯಿ ಬೇಡವೆಂದು ಕಣ್ಣಲ್ಲೇ ಹೇಳುತ್ತಿದ್ದಳು. ಅವನು ಆ ಕಡೆ ನೋಡಲೇ ಇಲ್ಲ. ಕಲ್ಲು ಮೊಣಕಾಲಿಗೆ ಬಂತು, ಎದೆಗೆ ಬಂತು, ಹೆಗಲಿಗೆ ಏರಿಯೇಬಿಟ್ಟಿತು. ಅದು ಅವನು ಮೊದಲ ಸಲ ಎತ್ತಿದ್ದು. ಮುಖವೆಲ್ಲ ನಗು. ಯಾರಿಗೆ ತೋರಿಸಲಿ ಎಂದು ತಿರುಗಿದ. ಹತ್ತಿರ ನಿಂತಿದ್ದವನು ಗಾಣಿಗ.

"ನೋಡಿದ್ರಾ ಮಾವ, ಎತ್ತಿದೆ!"

ತಾಯಿ ತಲೆಯ ಮೇಲೆ ಕೈ ಹೊತ್ತು ಕೂತಳು. ಗಾಣಿಗನ ಸುಟ್ಟ ಕೈ ತಾನಾಗಿ ಮೇಲೆದ್ದಿತ್ತು, ಭೇಷ್ ಎಂದು ಬೆನ್ನು ತಟ್ಟಲು. ಅವನು ಆ ಕೈಯನ್ನೇ ನೋಡುತ್ತಾ ನಿಂತ. ಆಮೇಲೆ ನ್ಯಾಯಾಧಿಕಾರಿಯ ಕಡೆ ತಿರುಗಿದ.

"ಸ್ವಾಮಿ, ನನ್ನ ಕೋರಿಕೆ ಹಿಂದಕ್ಕೆ ತೆಗೆದುಕೊಂಡೆ. ಇವನು ಹುಡುಗ."

"ಕಲ್ಲು ಎತ್ತಿದನಲ್ಲಯ್ಯ," ಎಂದ ನ್ಯಾಯಾಧಿಕಾರಿ.

"ಎತ್ತಿದ್ದಕ್ಕೇ ಹೇಳಿದೆ ಸ್ವಾಮಿ. ಮೊನ್ನೆ ಆ ಎರಡು ಮಕ್ಕಳ ತಂದೆ ಎತ್ತಲಿಲ್ಲ. ದೊಡ್ಡವನಾಗಿದ್ದರೆ ಇವನೂ ಎತ್ತುತ್ತಿರಲಿಲ್ಲ."

ನ್ಯಾಯಾಧಿಕಾರಿಗೆ ಮನಸ್ಸು ಹಗುರವಾಯಿತು. ನೊಂದವನೇ ಬೇಡವೆಂದ ಮೇಲೆ ಕಲ್ಲಿನ ಕಾನೂನಿಗೆ ಅಲ್ಲಿ ಕೆಲಸವಿರಲಿಲ್ಲ. ತಪ್ಪಿಗೆ ಏನು ಶಿಕ್ಷೆ ಎಂದು ಗಾಣಿಗನನ್ನೇ ಕೇಳಿದ. "ಸುಟ್ಟವನು ಕಟ್ಟಲಿ" ಎಂದ ಗಾಣಿಗ. ಅಷ್ಟು ಹೊತ್ತಿಗೆ ಹುಡುಗನಿಗೆ ತಾನು ಮಾಡಿಕೊಂಡದ್ದು ಹೊಳೆದಿತ್ತು. ಕಲ್ಲು ಕೆಳಗಿಳಿಸಿ, ತಾಯಿಯ ಸೆರಗಿನಲ್ಲಿ ಮುಖವಿಟ್ಟು ಗೊಳೋ ಎಂದು ಅತ್ತ.

ಇಬ್ಬರೂ ಕೂಡಿ ಹುಣಸೆಯ ಬೊಡ್ಡೆ ಹುಡುಕಿ ತಂದರು. ಗಾಣಿಗನ ಕೈಯಲ್ಲಿ ಬಲವಿರಲಿಲ್ಲ, ಹುಡುಗನಿಗೆ ಕೆಲಸ ಗೊತ್ತಿರಲಿಲ್ಲ. ಗಾಣಿಗ ಹೇಳಿದ, ಹುಡುಗ ಮಾಡಿದ. ಗೋಡೆ ಎದ್ದಿತು, ಗಾಣ ತಿರುಗಿತು. ಹೊಸ ಗಾಣದ ಮೊದಲ ಎಣ್ಣೆಯಲ್ಲಿ ಹುಡುಗನ ತಾಯಿ ದೇವರಿಗೆ ದೀಪ ಹಚ್ಚಿದಳು. ಹುಡುಗ ಆಮೇಲೂ ಒಂದೆರಡು ಸಲ ಎತ್ತಿನ ಹಿಂದೆ ತೂಕಡಿಸಿದ. ಗಾಣಿಗ ಕಿವಿ ಹಿಂಡುವುದನ್ನು ಬಿಡಲಿಲ್ಲ. ಆದರೆ ನಾಲ್ಕು ಜನರೆದುರು ಹಿಂಡಲಿಲ್ಲ. ಆ ಊರಿನಲ್ಲಿ ಮತ್ತೆ ಯಾರೂ ಕಲ್ಲು ಎತ್ತಿಸಿ ಎಂದು ಕೋರಲಿಲ್ಲ. ಗರಡಿಮನೆ ತುಂಬಿತು, ಮುದ್ದೆಗೆ ತುಪ್ಪ ಬಂತು.

ಗುರುಗಳು ಇಷ್ಟು ಹೇಳಿ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. ಶಿಷ್ಯನ ಮುಖದಲ್ಲಿ ನಗುವಿತ್ತು. ಆದರೂ ಇಲಾಖೆಯ ಕೆಲಸ ಅವನ ತಲೆಯಿಂದ ಇಳಿದಿರಲಿಲ್ಲ.

"ಕತೆ ಚೆನ್ನಾಗಿದೆ ಬುದ್ಧಿ. ಆದರೆ ನಾನು ಏನಾದರೂ ಒಂದು ಬರೆದುಕೊಡಲೇಬೇಕಲ್ಲ. ಹುಡುಗ ದೊಡ್ಡವನಾದ ಅನ್ನುವುದಕ್ಕೆ ಯಾವ ವಯಸ್ಸು ಬರೆಯಲಿ?"

"ಯಾವುದಾದರೂ ಬರೆಯಯ್ಯ, ಕಲ್ಲೆತ್ತಿದವನು ನಗುತ್ತಾ ತಿರುಗಿದಾಗ ಅಲ್ಲಿ ಯಾರು ನಿಂತಿರಬೇಕು, ಗಾಣಿಗನೋ ಜೈಲಿನ ಕಾವಲುಗಾರನೋ, ಅನ್ನುವುದನ್ನು ಮೊದಲು ಬರೆ."

ಶಿಷ್ಯನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು.