ಜಾಣಪ್ಪ ಇಂಜಿನ್ ಓಡಿಸಿದ್ದು

ನಗುವವರು ಈಗಲೇ ನಕ್ಕುಬಿಡಿ, ಪುಟ್ಟಗೌರಮ್ಮನ ಎದುರಿಗೆ ಮಾತ್ರ ಬೇಡ. ಅವಳಿಗೊಬ್ಬ ಮಗ. ಹೆಸರು ಜಾಣಪ್ಪ. ಹೆಸರಿಡುವಾಗ ಅವನಿಗಿನ್ನೂ ಮಾತು ಬಂದಿರಲಿಲ್ಲ, ಹಾಗಾಗಿ ಅಪ್ಪನ ತಪ್ಪೇನಿಲ್ಲ.

ಆ ಅಪ್ಪ ಲೇತ್ ಕೆಲಸದವನು. ಮನೆಯಲ್ಲೇ ಕೂತು ಮುಷ್ಟಿಗಾತ್ರದ ಡೀಸೆಲ್ ಇಂಜಿನ್ ಒಂದನ್ನು ಮಾಡಿದ್ದ, ಮುಂದೊಂದು ಪುಟ್ಟ ಫ್ಯಾನ್. ಅದು ಒಂದು ದಿನವೂ ಓಡಲಿಲ್ಲ. ಅವನೇ ಲೋಕ ಬಿಟ್ಟು ಹೊರಟುಹೋದ. ಈಗ ಪುಟ್ಟಗೌರಮ್ಮನ ತಮ್ಮ ಕೆಂಚಪ್ಪ ಒಂದು ಮಾತು ಹೇಳಿದ್ದ: "ಅಕ್ಕ, ಭಾವನ ಇಂಜಿನ್ನ ಇವನು ಓಡಿಸಿ ತೋರಿಸಲಿ, ನನ್ನ ವರ್ಕ್‌ಶಾಪಿಗೆ ಸೇರಿಸ್ಕೋತೀನಿ. ಭಾನುವಾರ ಬರ್ತೀನಿ." ಜಾಣಪ್ಪನಿಗೆ ಕೆಲಸ ಕೊಡುವ ಬೇರೆ ಪುಣ್ಯಾತ್ಮರು ಊರಲ್ಲಿ ಉಳಿದಿರಲಿಲ್ಲ.

ಗಂಡ ಮಾಡುತ್ತಿದ್ದುದನ್ನು ನೋಡಿದ್ದ ತಾಯಿ ಹೇಳಿದಳು: "ಎಣ್ಣೆ ಹಾಕು. ಬಾಯಿ ಮುಚ್ಚಿ ಫ್ಯಾನ್ ತಿರುಗಿಸು."

ಜಾಣಪ್ಪ ಎಣ್ಣೆ ಹಾಕಿದ. ತುಟಿ ಬಿಗಿದು ತಿರುಗಿಸಿದ, ತಿರುಗಿಸಿದ, ತಿರುಗಿಸುತ್ತಲೇ ಇದ್ದ. ಸಂಜೆ ತಾಯಿ "ಏನಾಯ್ತೋ?" ಅಂದರೆ ಉತ್ತರವಿಲ್ಲ. "ಮಾತಾಡೋ" ಅಂದರೂ ಉತ್ತರವಿಲ್ಲ. ಬೆನ್ನಿಗೊಂದು ಗುದ್ದಿದ ಮೇಲೆ, "ಬಾಯಿ ಮುಚ್ಚು ಅಂದಿದ್ಯಲ್ಲವ್ವ" ಅಂದ.

"ನಿನ್ನ ಬಾಯಲ್ಲ ಕಣೋ, ಇಂಜಿನ್ನಿನ ಬಾಯಿ! ಗಾಳಿ ಎಳೆಯೋ ತೂತು! ಹೋಗು, ಪಂಪ್‌ಸೆಟ್ ಮೆಕ್ಯಾನಿಕ್ ಹತ್ರ ಬಾಯಿ ಬಿಟ್ಟು ಕೇಳು. ಅವನು ಹೇಳಿದ ಹಾಗೆ ಮಾಡು."

ಹೋದ. ಬಾಯಿ ಬಿಟ್ಟು ಕೇಳಿದ. ಮೆಕ್ಯಾನಿಕ್ ತಲೆಯೆತ್ತದೆ, "ಗಾಳಿ ಹಿಡ್ಕೊಂಡಿರುತ್ತೆ. ಬಿಡಿಸು" ಅಂದ.

ಗಾಳಿ ಹಿಡಿದರೆ ಏನು ಮಾಡಬೇಕೆಂದು ಜಾಣಪ್ಪನಿಗೂ ಗೊತ್ತು. ಇಂಜಿನ್ನನ್ನು ಮಣೆಯ ಮೇಲೆ ಕೂರಿಸಿದ. ವಿಭೂತಿ ಬಳಿದ. ಕೆಂಡಕ್ಕೆ ಮೆಣಸಿನಕಾಯಿ ಸುರಿದ. ಬೇವಿನ ಸೊಪ್ಪಿನಲ್ಲಿ ಬಾರಿಸುತ್ತಾ, "ಯಾರು ನೀನು? ಯಾಕೆ ಬಂದೆ? ಬಿಟ್ಟು ಹೋಗ್ತೀಯೋ ಇಲ್ವೋ?" ಎಂದು ಕೇಳಿದ. ಇಂಜಿನ್ ಏನೂ ಹೇಳಲಿಲ್ಲ. ಘಾಟಿಗೆ ಕೋಳಿಗಳೆಲ್ಲ ಬೀದಿಗೆ ಓಡಿದವು. ಜಾಣಪ್ಪ ನೋಡುತ್ತಾ ನಿಂತ.

"ಅಯ್ಯೋ ನನ್ನ ಕರ್ಮವೇ! ಆ ಗಾಳಿಯಲ್ಲವೋ, ಪೈಪಿನೊಳಗಿನ ಗಾಳಿ! ಕೋಳಿ ಓಡ್ತಿದ್ರೆ ಕಣ್ಣು ಬಿಟ್ಕೊಂಡು ನಿಂತಿದ್ದೀಯಲ್ಲ! ಇನ್ಮೇಲೆ ಏನೇ ಓಡಲಿ, ಬುಟ್ಟಿ ಕವುಚಿ ಮೇಲೆ ಕೂತ್ಕೊ. ತಿಳೀತಾ?"

"ತಿಳೀತವ್ವ."

ಭಾನುವಾರ ಕೆಂಚಪ್ಪ ಬಂದ. ಪೈಪಿನ ಗಾಳಿಯನ್ನು ತಾಯಿಯೇ ತೆಗೆದಿಟ್ಟಿದ್ದಳು. ಜಾಣಪ್ಪ ಎಣ್ಣೆ ಹಾಕಿದ, ಇಂಜಿನ್ನಿನ ಬಾಯಿ ಮುಚ್ಚಿದ, ಫ್ಯಾನ್ ತಿರುಗಿಸಿದ. ಟುಸ್ ಅಂದಿತು.

"ಕಿವಿ ಸ್ವಲ್ಪ ಹಿಂಡೋ" ಎಂದು ಕೆಂಚಪ್ಪ ಇಂಜಿನ್ನಿನ ತಲೆಯ ಮೇಲಿನ ತಿರುಪು ತೋರಿಸಿದ. ಜಾಣಪ್ಪ ಮಾವನ ಕಿವಿ ಹಿಂಡಿದ.

"ನಂದಲ್ಲೋ, ಅದರದು!"

ಅದರದನ್ನೂ ಹಿಂಡಿದ. ತಿರುಗಿಸಿದ. ಟರ್ರ್‌ರ್ರ್ ಎಂದು ಹತ್ತಿಕೊಂಡಿತು ನೋಡಿ! ಫ್ಯಾನಿನ ರೆಕ್ಕೆ ಕಣ್ಣಿಗೇ ಕಾಣದು. ಪುಟ್ಟಗೌರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವರಿದ್ದಿದ್ದರೆ ಅನ್ನಿಸಿತು. ಕೆಂಚಪ್ಪ ಕುಣಿದೇಬಿಟ್ಟ: "ಓಡ್ತಾ ಇದೆ ಅಕ್ಕ! ಓಡ್ತಾ ಇದೆ ನೋಡಕ್ಕ! ನಾಳೆಯಿಂದಲೇ ಇವನು..."

ಅವನ ಮಾತು ಮುಗಿಯುವ ಮೊದಲೇ ಅಂಗಳದ ಮೂಲೆಯಲ್ಲಿದ್ದ ಕೋಳಿಬುಟ್ಟಿ ಬಂದು ಇಂಜಿನ್ನಿನ ಮೇಲೆ ಕವುಚಿಬಿತ್ತು. ಬುಟ್ಟಿಯ ಮೇಲೆ ಜಾಣಪ್ಪ ಕೂತ. ಒಳಗೆ ಕರಕರ, ಪಟಪಟ, ಆಮೇಲೆ ಏನೂ ಇಲ್ಲ.

"ಹೆದರಬೇಡವ್ವ" ಅಂದ ಜಾಣಪ್ಪ, ಬೆವರು ಒರೆಸಿಕೊಳ್ಳುತ್ತಾ. "ಹಿಡಿದುಬಿಟ್ಟೆ. ಇನ್ನು ಇದು ಯಾವತ್ತೂ ಓಡಲ್ಲ."