ಗೆರೆಯ ಆಚೆಗೊಂದು ವಿಶ್ವ ಮಂಡಳಿ, ಈಚೆಗೊಂದು

ಹುಡುಗಿಯರ ಕಬಡ್ಡಿ ಫೈನಲ್ಲಿಗೆ ಅಂಕಣದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ ಶಿವಗಂಗವ್ವನಿಗೆ ತಲೆ ಗಿರ್ರೆಂದಿತು. ಕೋಟು ತೊಟ್ಟ ಸಾಹೇಬರೊಬ್ಬರು ಬಂದು, ತಾವು ವಿಶ್ವ ಕಬಡ್ಡಿ ಮಂಡಳಿಯವರು ಎಂದರು. ಬೆನ್ನಿಗೇ ಬಂದ ಟೋಪಿಯ ಸಾಹೇಬರೂ ಅದನ್ನೇ ಹೇಳಿದರು.

"ಇರೋ ಜಗತ್ತು ಒಂದು. ಮಂಡಳಿ ಎರಡು ಹೆಂಗ್ರೀ?" ಶಿವಗಂಗವ್ವ ಕೇಳಿದಳು.

ಟೋಪಿಯವರ ಮಂಡಳಿಯ ಕೆಳಗೆ ಆಡಿದರೆ ಹುಡುಗಿಯರಿಗೆ ಆಜೀವ ನಿಷೇಧ ಎಂದು ಕೋಟಿನವರು ಗದರಿದರು. ಕೋಟಿನವರ ಕೆಳಗೆ ಆಡಿದರೂ ಅದೇ ಗತಿ ಎಂದರು ಟೋಪಿಯವರು. ಹುಡುಗಿಯರ ಮುಖ ಸಪ್ಪಗಾಯಿತು.

ಶಿವಗಂಗವ್ವ ನಡುಗೆರೆ ಎಳೆದು, ಅದರ ಆಚೆಗೊಂದು ಈಚೆಗೊಂದು ಕುರ್ಚಿ ಹಾಕಿದಳು.

"ಒಬ್ಬೊಬ್ಬರಿಗೆ ಅರ್ಧರ್ಧ ಅಂಕಣ. ನಿಮ್ಮ ಅರ್ಧದಾಗ ನಿಮ್ಮದೇ ಮಂಡಳಿ. ಆ ಕಡೆ ಆಟದ ಮ್ಯಾಲ ತಕರಾರಿದ್ರ ಗೆರೆ ದಾಟಿ ಹೋಗಿ ಹೇಳ್ರಿ. ಆದ್ರ ಕಬಡ್ಡಿ ಕಬಡ್ಡಿ ಅನಕೋತ ಹೋಗಬೇಕು, ನಡುವ ನಿಲ್ಲಿಸಬಾರದು. ಈ ನಿಯಮ ಇಬ್ಬರದೂ ಒಂದೇ ಐತಲ್ಲ?"

ಇಬ್ಬರೂ ಹೌದೆಂದು ತಲೆಯಾಡಿಸಿ ತಮ್ಮ ತಮ್ಮ ಕುರ್ಚಿಯಲ್ಲಿ ಕುಳಿತರು. ಆಟ ಶುರುವಾಯಿತು.

ಸ್ವಲ್ಪ ಹೊತ್ತಿಗೆ ಕೋಟಿನವರು ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದರು. ಕಬಡ್ಡಿ ಅನ್ನುವುದನ್ನು ಬಿಟ್ಟು "ಇದು ನಿಯಮಬಾಹಿರ" ಎನ್ನುವಷ್ಟರಲ್ಲಿ ಹುಡುಗಿಯರು ಅವರ ಕಾಲು ಹಿಡಿದು ಕೆಡವಿದರು. ಟೋಪಿಯವರು ಮೆಲ್ಲಗೆ ತಮ್ಮ ಕುರ್ಚಿಯನ್ನು ಗೆರೆಯಿಂದ ದೂರಕ್ಕೆ ಎಳೆದುಕೊಂಡರು.

"ಏನಮ್ಮಾ, ನೀನು ಯಾವ ಮಂಡಳಿಯವಳು?" ಕೋಟಿನವರು ಮಣ್ಣು ಕೊಡವುತ್ತ ಕೇಳಿದರು.

"ನಾನು ಗೆರೆ ಎಳಿಯಾಕಿ, ಸಾಹೇಬರ. ಔಟಾದವರು ಹೊರಗ ಕುಂದ್ರಬೇಕು."