ಕೂರದ ನಾಯಿ

“ಗುರುಗಳೇ, ಹೋದ ತಿಂಗಳು ಮಠಕ್ಕೆ ಬಂದ ಮುದುಕನನ್ನು ನನಗೆ ಒಪ್ಪಿಸಿದಿರಿ. ಮೊದಲಕ್ಷರದಿಂದ ಕಲಿಸುತ್ತಿದ್ದೇನೆ. ಒಂದೂ ತಲೆಗೆ ಹತ್ತುವುದಿಲ್ಲ. ವಯಸ್ಸಾದವರಿಗೆ ಕಲಿಸಲು ಸಾಧ್ಯವೇ?” ಎಂದು ಶಿಷ್ಯ ಕೇಳಿದ. ಅವನ ದನಿಯಲ್ಲಿ ಪ್ರಶ್ನೆಗಿಂತ ದೂರೇ ಹೆಚ್ಚಾಗಿತ್ತು.

ಗುರುಗಳು ಹೇಳಿದರು:

ಒಬ್ಬ ಕುಂಬಾರನಿದ್ದ. ಅಂಗಳದಲ್ಲಿ ಒಣಗಲು ಇಟ್ಟ ಹಸಿ ಮಡಕೆಗಳನ್ನು ಊರಿನ ಮೇಕೆಗಳು ತುಳಿದು ಹಾಳು ಮಾಡುತ್ತಿದ್ದವು. ಕಾವಲಿಗೆ ನಾಯಿಯೊಂದು ಬೇಕೆಂದು ಸಂತೆಗೆ ಹೋದ. ಅಲ್ಲಿ ಒಬ್ಬ ಗಾಡಿಯವನು ಮೂತಿ ನರೆತ ನಾಯಿಯೊಂದನ್ನು ಹಿಡಿದು ನಿಂತಿದ್ದ. “ಯಾರದೋ ಏನೋ, ದಾರಿಯಲ್ಲಿ ಗಾಡಿಯ ಹಿಂದೆ ಬಂತು. ಬೇಕಾದರೆ ಕರೆದುಕೊಂಡು ಹೋಗು,” ಎಂದ. ಕುಂಬಾರ ಮನೆಗೆ ತಂದ.

“ಇದರ ವಯಸ್ಸು ನೋಡಿದರೆ ನಾವೇ ಇದನ್ನು ಕಾಯಬೇಕು,” ಎಂದಳು ಹೆಂಡತಿ.

“ಮೊದಲಿನಿಂದ ಕಲಿಸುತ್ತೇನೆ, ನೋಡುತ್ತಿರು,” ಎಂದ ಕುಂಬಾರ.

ಮರುದಿನ ಬೆಳಿಗ್ಗೆ ಪಾಠ ಶುರುವಾಯಿತು. ಕುಂಬಾರ “ಕೂತ್ಕೋ” ಎಂದ. ನಾಯಿ ನಿಂತೇ ಇತ್ತು. ಗಟ್ಟಿಯಾಗಿ ಹೇಳಿದ. ನಿಂತೇ ಇತ್ತು. ಊರು ಕೇಳುವಂತೆ ಕೂಗಿದ. ಆಚೆ ಮನೆಯ ಮಕ್ಕಳು ಆಟ ಬಿಟ್ಟು ಕೂತರು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ತಮಗೇ ಹೇಳಿದ್ದೆಂದುಕೊಂಡು ಜಗಲಿಯ ಮೇಲೆ ಕೂತರು. ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಬೇಕಾಯಿತು. ನಾಯಿ ಮಾತ್ರ ಕೂರಲಿಲ್ಲ.

ಕಿವುಡೋ ಏನೋ ನೋಡೋಣವೆಂದು ಹೆಂಡತಿ ಒಳಗೆ ಅನ್ನದ ಗಡಿಗೆಯ ಮುಚ್ಚಳ ಎತ್ತಿದಳು. ನಾಯಿ ಅಂಗಳದಿಂದ ಓಡಿ ಬಂತು.

“ಕಿವಿ ಚೆನ್ನಾಗಿದೆ. ಇದು ಸೊಕ್ಕು,” ಎಂದು ಕುಂಬಾರ ತೀರ್ಮಾನಿಸಿದ.

ಅಂದಿನಿಂದ ಬೈಗುಳವೂ ಪಾಠಕ್ಕೆ ಸೇರಿತು. ಕುಂಬಾರ ಕೈ ಬೀಸಿ ಬೀಸಿ ಬೈಯುವನು. ಬೈದಾಗಲೆಲ್ಲ ನಾಯಿ ಮಡಕೆಗಳ ಮಧ್ಯೆ ನುಗ್ಗುವುದು. ಎರಡು ವಾರದಲ್ಲಿ ಮೇಕೆಗಳು ತುಳಿದದ್ದಕ್ಕಿಂತ ಹೆಚ್ಚು ಮಡಕೆಗಳನ್ನು ನಾಯಿ ತುಳಿಯಿತು. ಅವೆಲ್ಲ ಒಂದು ಮದುವೆ ಮನೆಗೆ ಒಪ್ಪಿಸಬೇಕಾದ ಮಡಕೆಗಳು.

“ಇನ್ನೊಂದು ಮಡಕೆ ಒಡೆಯಲಿ, ಮುಂದಿನ ಸಂತೆಗೆ ನಿಮ್ಮಿಬ್ಬರಲ್ಲಿ ಒಬ್ಬರು ಹೋಗುತ್ತೀರಿ,” ಎಂದಳು ಹೆಂಡತಿ.

ಕುಂಬಾರನಿಗೆ ಸಂಕಟವಾಯಿತು. ಎಷ್ಟು ಬೈದರೂ ನಾಯಿ ಬಂದು ಅವನ ಪಾದದ ಹತ್ತಿರವೇ ಮಲಗುತ್ತಿತ್ತು. ಅದನ್ನು ಬಿಟ್ಟು ಬರಲು ಮನಸ್ಸಿಲ್ಲ. ಆದ್ದರಿಂದ ಇನ್ನೂ ಜೋರಾಗಿ ಕಲಿಸಿದ. ನಾಲ್ಕನೆಯ ದಿನ ಗಂಟಲು ಕಟ್ಟಿತು. ವೈದ್ಯರು ನೋಡಿ, ಎಂಟು ದಿನ ಒಂದು ಮಾತೂ ಆಡಕೂಡದು ಎಂದರು. ಹೆಂಡತಿ ಸಂತೋಷದಿಂದ ವೈದ್ಯರಿಗೆ ಎರಡು ಮಡಕೆ ಕೊಟ್ಟಳು.

ಮಾತು ನಿಲ್ಲಿಸಿದ ಮೂರನೆಯ ದಿನ ಮಧ್ಯಾಹ್ನ ಮೇಕೆಯೊಂದು ಅಂಗಳಕ್ಕೆ ನುಗ್ಗಿತು. ಕೂಗಲು ದನಿಯಿಲ್ಲ. ಕುಂಬಾರ ಮಡಕೆ ತಿರುಗಿಸುವ ತಿಗರಿಯ ಮುಂದಿನಿಂದ ಎದ್ದು ಮೇಕೆಯ ಕಡೆ ಕೈ ಚಾಚಿದ. ನಾಯಿ ಹಾರಿತು. ಸಾಲು ಸಾಲು ಮಡಕೆಗಳ ನಡುವೆ ಒಂದನ್ನೂ ಸೋಕದೆ ಓಡಿ, ಮೇಕೆಯನ್ನು ಬೇಲಿ ದಾಟಿಸಿ, ತಿರುಗಿ ಬಂದು ಅವನ ಮುಂದೆ ನಿಂತಿತು. ಕುಂಬಾರ ಬೆರಗಾಗಿ, ಎತ್ತಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

ನಾಯಿ ಕೂತಿತು.

ಅವನು ಇನ್ನೊಮ್ಮೆ ಕೈ ಎತ್ತಿದ. ನಾಯಿ ಎದ್ದಿತು. ಇಳಿಸಿದ. ಕೂತಿತು. ಊಟಕ್ಕೆ ಕರೆಯಲು ಬಂದ ಹೆಂಡತಿ, ಗಂಡನಿಗೆ ಗಂಟಲಿನ ಜೊತೆ ತಲೆಯೂ ಕೆಟ್ಟಿತೆಂದು ಹೆದರಿದಳು.

ಅದೇ ವಾರ ಕಂಬಳಿ ಮಾರುವವಳೊಬ್ಬಳು ಬಾಗಿಲಿಗೆ ಬಂದಳು. ನಾಯಿಯನ್ನು ನೋಡಿ ಹೊರೆ ಇಳಿಸಿದಳು. “ಅಯ್ಯೋ, ಇದು ನಮ್ಮ ಕಡೆಯ ಕುರಿಗಾಹಿಯ ನಾಯಿ! ಪಾಪ, ಅವನಿಗೆ ಹುಟ್ಟಿನಿಂದ ಮಾತಿರಲಿಲ್ಲ. ಎಂಟು ವರ್ಷ ಅವನ ಕೈ ನೋಡಿಕೊಂಡೇ ಇದು ಮುನ್ನೂರು ಕುರಿ ಕಾಯಿತು. ಅವನು ತೀರಿಕೊಂಡ ಮೇಲೆ ಎಲ್ಲಿ ಹೋಯಿತೋ ಎಂದುಕೊಂಡಿದ್ದೆವು.”

ಕುಂಬಾರ ತಲೆ ತಗ್ಗಿಸಿದ. ತಾನು ಬೈಯುತ್ತ ಕೈ ಬೀಸಿದ ಕಡೆಯಲ್ಲೆಲ್ಲ ಮಡಕೆಗಳಿದ್ದವು. ನಾಯಿ ಒಂದು ದಿನವೂ ಅವನ ಕೈಸನ್ನೆ ಮೀರಿರಲಿಲ್ಲ. ಅವನು ಅದರ ಪಕ್ಕದಲ್ಲಿ ಕೂತು, ಮಣ್ಣು ಮೆತ್ತಿದ ಕೈಯಲ್ಲೇ ಅದರ ಬೆನ್ನು ಸವರಿದ.

ಎಂಟು ದಿನ ಕಳೆಯಿತು. ದನಿ ಬಂತು. ಕುಂಬಾರ ಕೈ ಇಳಿಸುತ್ತ ಮೆಲ್ಲಗೆ “ಕೂತ್ಕೋ” ಎನ್ನತೊಡಗಿದ. ಮದುವೆಯ ಮಡಕೆಗಳು ಆವಿಗೆಯಲ್ಲಿ ಬೇಯುವ ಹೊತ್ತಿಗೆ ನಾಯಿ ಮಾತನ್ನೂ ಕಲಿತಿತ್ತು.

ಶಿಷ್ಯ ಮನಸಾರೆ ನಕ್ಕ. “ಎಂಥ ದಡ್ಡ ಕುಂಬಾರ, ಗುರುಗಳೇ! ನಾಯಿ ಹಿಂದೆ ಯಾರ ಬಳಿ ಇತ್ತೆಂದು ಮೊದಲೇ ವಿಚಾರಿಸಬಾರದಿತ್ತೇ?”

ಗುರುಗಳು ಕೇಳಿದರು: “ನಿನ್ನ ಮುದುಕ ಮಠಕ್ಕೆ ಬರುವ ಮೊದಲು ಏನು ಮಾಡುತ್ತಿದ್ದ?”

ಶಿಷ್ಯ ಎದ್ದು, ಮುದುಕನನ್ನೇ ಕೇಳಲು ಹೊರಟ.